ಬರಿದಾಗಿ ಉಳಿಯಬೇಕಾದ ತಟ್ಟೆ

ಆ ಸೋಮವಾರ ಮಾಡಿದ ಕೆಲಸಗಳಿಷ್ಟು. ಆರಕ್ಕೆ ಎದ್ದು ನಲ್ಲಿಯ ನೀರು ಹಿಡಿದೆ. ಅತ್ತೆಯವರಿಗೆ ಗುಳಿಗೆ ಕೊಟ್ಟು, ನುಂಗುವ ತನಕ ಎದುರಿಗೇ ನಿಂತೆ. ಇಲ್ಲದಿದ್ದರೆ ಅದು ಹೂವಿನ ಕುಂಡ ಸೇರುತ್ತದೆ. ಹನ್ನೆರಡು ರೊಟ್ಟಿ ಬಡಿದೆ. ಒಂಬತ್ತಕ್ಕೆ ಲ್ಯಾಬಿಗೆ ಬಂದು ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಉಷ್ಣತೆ ಬರೆದುಕೊಂಡೆ, ಮೂವತ್ತೇಳು. ಹಳೆಯ ತಟ್ಟೆಗಳನ್ನು ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ ಬೇಯಿಸಿ ಎಸೆದೆ. ಗಾಜಿನ ಸಾಮಾನು ತೊಳೆದು ಬೋರಲು ಹಾಕಿದೆ. ಮೂವತ್ತು ಹೊಸ ತಟ್ಟೆ ಸುರಿದೆ. ಲ್ಯಾಬಿನ ಮುಖ್ಯಸ್ಥರಾದ ಸಾಹೇಬರ ಚಹಕ್ಕೆ ಸಕ್ಕರೆ ಹಾಕಿ, ಸಕ್ಕರೆ ಕೊಡಬೇಡಿ ಎಂದಿದ್ದ ಅವರ ಮನೆಯವರ ಮಾತು ನೆನಪಾಗಿ, ಆ ಚಹ ನಾನೇ ಕುಡಿದು ಅವರಿಗೆ ಬೇರೆ ಮಾಡಿದೆ. ನಾಲ್ಕು ಗಂಟೆಗೆ ಇದನ್ನೆಲ್ಲ ವಹಿಯಲ್ಲಿ ಬರೆಯಲು ಕುಳಿತಾಗ ಹಿಂದಿನ ಎರಡು ಪುಟ ತಿರುವಿದೆ. ಅಲ್ಲಿ ನನ್ನದೇ ಅಕ್ಷರದಲ್ಲಿ ಒಂದು ತಪ್ಪು ಕೂತಿತ್ತು.

ನಮ್ಮ ಲ್ಯಾಬು ಇರುವುದು ಗೋಕಾಕದ ಹೊರಗೆ, ಮೊದಲು ಹತ್ತಿಯ ಗೋದಾಮಾಗಿದ್ದ ಕಟ್ಟಡದಲ್ಲಿ. ಬ್ಯಾಕ್ಟೀರಿಯಗಳಿಗೆ ಊಟ ತಯಾರಿಸುವುದು ನನ್ನ ಕೆಲಸ. ಸಕ್ಕರೆ, ಲವಣ, ನೀರು, ಹೆಪ್ಪುಗಟ್ಟಿಸುವ ಅಗರ್ ಅಳೆದು ಬೇಯಿಸಿ, ಗಾಜಿನ ತಟ್ಟೆಗಳಿಗೆ ಸುರಿದು ಆರಲು ಬಿಡುವುದು. ಮನೆಯಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸವೆಂದರೆ, ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಬಡಿಸುತ್ತಿದ್ದದ್ದು ಹಸಿವೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಔಷಧಿ ಮಾಡುವ ಒಂದು ಕಂಪನಿಗೆ ಅಮೈನ್ ಎಂಬ, ಸಾರಜನಕವಿರುವ ಒಂದು ರಾಸಾಯನಿಕ ಬೇಕಿತ್ತು. ಚಪ್ಪಲಿಯ ಹಾಗೆ ಆ ಅಣುವಿಗೂ ಎಡ ಬಲ ಇದೆ. ಅವರಿಗೆ ಬೇಕಾದದ್ದು ಬಲಗಾಲಿನದು ಮಾತ್ರ. ಲೋಹದ ಪುಡಿ, ಒತ್ತಡ, ಬಿಸಿ ಕೊಟ್ಟು ಕಾರ್ಖಾನೆಯಲ್ಲಿ ಮಾಡಿದರೆ ಎರಡೂ ಬೆರೆತು ಬರುತ್ತವೆ, ಅರ್ಧ ಎಸೆಯಬೇಕು. ಆದರೆ ಮಣ್ಣಿನ ಕೆಲವು ಜೀವಾಣುಗಳಲ್ಲಿ ಬರಿಯ ನೀರಿನಲ್ಲಿ ಬಲಗಾಲಿನದನ್ನಷ್ಟೇ ಕಟ್ಟಬಲ್ಲ ಕಿಣ್ವಗಳಿರುತ್ತವೆ. ಅಂಥ ಒಂದನ್ನು ಹುಡುಕಬೇಕಿತ್ತು. ಮಣ್ಣಿನ ಜೀವಾಣುಗಳು ನಮ್ಮ ತಟ್ಟೆಯ ಮೇಲೆ ಬೆಳೆಯಲು ಒಪ್ಪುವುದು ಕಡಿಮೆ. ಹಾಗಾಗಿ ಮಣ್ಣಿನಿಂದ ಡಿಎನ್‌ಎ ಮಾತ್ರ ತೆಗೆದು, ತುಂಡು ಮಾಡಿ, ಲ್ಯಾಬಿನಲ್ಲಿ ಸಾಧುವಾಗಿ ಬೆಳೆಯುವ ಬ್ಯಾಕ್ಟೀರಿಯದೊಳಗೆ ಒಂದೊಂದಕ್ಕೆ ಒಂದೊಂದು ತುಂಡಿನಂತೆ ಸೇರಿಸುತ್ತೇವೆ. ಲಕ್ಷಗಟ್ಟಲೆ ಬ್ಯಾಕ್ಟೀರಿಯ, ಪ್ರತಿಯೊಂದರ ಹೊಟ್ಟೆಯಲ್ಲಿ ಬೇರೆ ತುಂಡು. ಯಾವುದರಲ್ಲಿ ನಮ್ಮ ಕಿಣ್ವ ಇದೆ ಎಂದು ಒಂದೊಂದನ್ನೇ ಕೇಳುತ್ತಾ ಹೋಗಲಾಗುವುದಿಲ್ಲ. ಅದಕ್ಕೇ ಹಸಿವೆ. ಈ ಬ್ಯಾಕ್ಟೀರಿಯದ ಕೆಲವು ಜೀನುಗಳನ್ನು ಮೊದಲೇ ತೆಗೆದುಹಾಕಿ, ತಾನಾಗಿ ಆ ಅಮೈನನ್ನು ತಿನ್ನಲಾಗದಂತೆ ಮಾಡಿರುತ್ತಾರೆ. ತಟ್ಟೆಯಲ್ಲಿ ಎಲ್ಲ ಇರುತ್ತದೆ, ಸಾರಜನಕ ಮಾತ್ರ ಇರುವುದಿಲ್ಲ. ಅದು ಬೇಕಾದರೆ ಆ ಅಮೈನಿನಿಂದಲೇ ಕಿತ್ತುಕೊಳ್ಳಬೇಕು. ಕಿಣ್ವ ಇರುವುದು ಕಿತ್ತು ತಿಂದು ಚುಕ್ಕೆಯಾಗಿ ಬೆಳೆಯುತ್ತದೆ, ಉಳಿದವು ಉಪವಾಸ. ಕಿತ್ತುಕೊಳ್ಳುವ ಈ ಕಿಣ್ವವನ್ನು ಹಿಂದುಮುಂದಾಗಿ ಓಡಿಸಿದರೆ ಅದೇ ಅಮೈನನ್ನು ಕಟ್ಟಿಯೂ ಕೊಡುತ್ತದೆ.

ಈ ಹುಡುಕಾಟ ನಮ್ಮ ಸಂಶೋಧಕಿಯದು. ಹುಕ್ಕೇರಿಯ ದರ್ಜಿಯೊಬ್ಬರ ಮಗಳು, ಇಪ್ಪತ್ತೊಂಬತ್ತು ವರ್ಷ. ಲ್ಯಾಬಿನಲ್ಲಿ ನಾವೆಲ್ಲ ಹುಡುಗಿ ಎಂದೇ ಕರೆಯುತ್ತೇವೆ. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಾಳೆ. ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ ಅರಿಸಿನ ಬೇಯಿಸುವ ಒಂದು ಒಲೆಯ ಪಕ್ಕ, ವರ್ಷವರ್ಷವೂ ಕುದಿನೀರು ಚೆಲ್ಲುತ್ತಿದ್ದ ಗುಂಡಿಯಿತ್ತು. ಆ ಬಿಸಿಗೆ ಬದುಕಿದ ಜೀವಾಣುಗಳ ಕಿಣ್ವ ಗಟ್ಟಿ ಇರುತ್ತದೆಂದು ಅವಳು ಅಲ್ಲಿಯ ಹಳದಿ ಮಣ್ಣು ತಂದು, ತಿಂಗಳುಗಟ್ಟಲೆ ಕೂತು, ಆರು ನಳಿಗೆ ಬ್ಯಾಕ್ಟೀರಿಯ ತಯಾರಿಸಿ ಫ್ರೀಜರಿನಲ್ಲಿಟ್ಟಿದ್ದಳು. ಅವುಗಳಲ್ಲಿ ಐದನ್ನು ಆ ಸೋಮವಾರಕ್ಕೆ ಹತ್ತು ದಿನಗಳ ಹಿಂದೆ ತಟ್ಟೆಗಳ ಮೇಲೆ ಹರಡಿದೆವು. ಎರಡೇ ದಿನಕ್ಕೆ ಚುಕ್ಕೆಗಳು ಎದ್ದವು. ಅವುಗಳಲ್ಲಿ ದಪ್ಪಗಿದ್ದ ಒಂಬತ್ತನ್ನು ಆರಿಸಿದಳು. ಸಾಹೇಬರು ಕಂಪನಿಗೆ ಫೋನು ಮಾಡಿಬಿಟ್ಟರು. ಹುಡುಗಿ ಪೇಢೆ ತಂದಳು. ಆ ಸೋಮವಾರದಿಂದ ಸರಿಯಾಗಿ ಮೂರು ವಾರಕ್ಕೆ, ಇನ್ನೊಂದು ಸೋಮವಾರ, ಬೆಳಗಾವಿಯಲ್ಲಿ ಅವಳ ಪಿಎಚ್‌ಡಿ ಸೆಮಿನಾರು. ಎರಡು ಸಲ ಮುಂದೆ ಹೋದದ್ದು. ಈ ಸಲವೂ ತೋರಿಸಲು ಏನೂ ಇಲ್ಲದಿದ್ದರೆ ವಿಷಯ ಬಿಟ್ಟು ಮೊದಲ ವರ್ಷದಿಂದ ಶುರುಮಾಡಬೇಕೆಂದು ಅವಳ ಮಾರ್ಗದರ್ಶಕರು ಖಡಾಖಂಡಿತ ಹೇಳಿದ್ದರು.

ಈಗ ನನ್ನ ವಹಿಯ ಪುಟ, ಆ ಐದು ನಳಿಗೆ ಹರಡಿದ ವಾರದ್ದು. ಗುರುವಾರ: ಹಳೆಯ ಕ್ಯಾನಿನ ನೀರು ಮುಗಿಯಿತು, ಉಳಿದ ಎರಡು ಲೀಟರಿನಲ್ಲಿ ಬರಿದು ತಟ್ಟೆ ಸುರಿದೆ. ಶುಕ್ರವಾರ: ಸಂಕೇಶ್ವರದಿಂದ ನೀರು ಬಂತು, ಹೊಸ ಕ್ಯಾನು ತೆರೆದೆ, ಮುಖ್ಯ ತಟ್ಟೆ ಸುರಿದೆ.

ಬರಿದು ತಟ್ಟೆ ಎಂದರೆ ನಮ್ಮ ಸಾಕ್ಷಿ. ಮಣ್ಣಿನ ತುಂಡೇ ಇಲ್ಲದ ಬ್ಯಾಕ್ಟೀರಿಯವನ್ನು ಅದರ ಮೇಲೆ ಹರಡುತ್ತೇವೆ. ಅದರಲ್ಲಿ ಏನೂ ಬೆಳೆಯಬಾರದು. ಅದು ಬರಿದಾಗಿ ಉಳಿದರೆ, ಪಕ್ಕದ ತಟ್ಟೆಯಲ್ಲಿ ಬೆಳೆದದ್ದು ಖರೆ. ಆದರೆ ಎರಡನ್ನೂ ಒಂದೇ ನೀರಿನಲ್ಲಿ ಮಾಡಿರಬೇಕು. ನಾನು ಒಂದು ಪಾತ್ರೆಯ ಸಾರಿನ ಉಪ್ಪು ನೋಡಿ ಇನ್ನೊಂದು ಪಾತ್ರೆಯದನ್ನು ಬಡಿಸಿದ್ದೆ.

ಹುಡುಗಿ ಕಂಪ್ಯೂಟರಿನ ಮುಂದೆ ಸೆಮಿನಾರಿನ ಚಿತ್ರ ಜೋಡಿಸುತ್ತಿದ್ದಳು. ಹೋಗಿ ವಹಿ ತೋರಿಸಿದೆ.

"ಅಕ್ಕಾರ, ಡಿಸ್ಟಿಲ್ಡ್ ನೀರ ಅಂದ್ರ ನೀರ. ಗುರುವಾರದ್ದೇನ, ಶುಕ್ರವಾರದ್ದೇನ?"

"ಇರಬಹುದವಾ. ಒಂದ ನಾಕ ತಟ್ಟಿ ಸುರೀತೇನಿ. ಅಮೈನ್ ಹಾಕಂಗಿಲ್ಲ, ಏನೂ ಹಾಕಂಗಿಲ್ಲ. ಬರೇ ಹೊಸಾ ಕ್ಯಾನಿನ ನೀರು, ಮ್ಯಾಲ ಮಣ್ಣಿನ ತುಂಡಿಲ್ಲದ ಬ್ಯಾಕ್ಟೀರಿಯ."

"ನೀವು ನೀರ ಕುಡದದ್ದೂ ಬರದಿಡೋರು. ಸುರೀರಿ, ಸುರೀರಿ," ಎಂದು ನಕ್ಕಳು. ಆದರೆ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು.

ಬುಧವಾರ ಬೆಳಿಗ್ಗೆ ತಟ್ಟೆ ತೆಗೆದೆ. ತಿನ್ನಲು ಸಾರಜನಕವೇ ಇಲ್ಲದ ಆ ನಾಲ್ಕೂ ತಟ್ಟೆಗಳ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬ್ಯಾಕ್ಟೀರಿಯ ಬೆಳೆದಿತ್ತು.

ಹುಡುಗಿ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಫ್ರೀಜರಿನಲ್ಲಿಟ್ಟಿದ್ದ ಒಂಬತ್ತು ಚುಕ್ಕೆಗಳ ಡಬ್ಬಿ ತೆಗೆದು, ಮೇಲಿದ್ದ ನಕ್ಷತ್ರದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು.

ಸಾರಜನಕ ಬಂದದ್ದೆಲ್ಲಿಂದ? ನೀರು ಮಾರುವವರದು ಚೊಕ್ಕ ನೀರು, ಬ್ಯಾಟರಿಗೆ ಹಾಕುವಂಥದು. ಉಳಿದದ್ದು ಕ್ಯಾನು. ಕ್ಯಾನು ತಂದವರು ನಮ್ಮ ಡ್ರೈವರ್ ಕಾಕಾ, ಹೆದ್ದಾರಿಯ ಬಾಜೂಕ್ಕಿರುವ ತಮ್ಮ ಅಳಿಯನ ಗ್ಯಾರೇಜಿನಿಂದ. ಲಾರಿಗಳ ಹೊಗೆ ಕಡಿಮೆ ಮಾಡಲು ಹಾಕುತ್ತಾರಲ್ಲ, ಯೂರಿಯಾ ದ್ರಾವಣ, ಅದರ ಖಾಲಿ ಕ್ಯಾನುಗಳು. ದಪ್ಪನೆಯ ಬಿಳಿ ಪ್ಲಾಸ್ಟಿಕ್ಕು, ಬಿಗಿಯಾದ ಮುಚ್ಚಳ. ಅಂಥ ಕ್ಯಾನುಗಳಲ್ಲೇ ನಮ್ಮ ಕಡೆ ಹೊಲಕ್ಕೆ ಕುಡಿಯುವ ನೀರು ಒಯ್ಯುತ್ತಾರೆ, ಮದುವೆಮನೆಗೆ ಮಜ್ಜಿಗೆ ಒಯ್ಯುತ್ತಾರೆ.

ಕಾಕಾನನ್ನು ಕರೆದು ಕೇಳಿದೆ.

"ಮೂರ ಸಲಾ ತೊಳದೇನ್ರಿ ಬಾಯಾರ. ಬಿಸಿನೀರ ಹಾಕಿ ಕುಲುಕಾಡಿಸೇನಿ. ನನ್ನ ಮೈಯರ ಅಷ್ಟ ತಿಕ್ಕೊಂಡಿಲ್ಲ ನಾ."

ಕ್ಯಾನನ್ನು ಮಲಗಿಸಿ ಗರಗಸದಿಂದ ಕೊಯ್ದೆವು. ಒಳಗೆ ಕನ್ನಡಿಯಂತೆ ಸ್ವಚ್ಛ. ಆದರೆ ಅಂಥ ಕ್ಯಾನಿನ ಹಿಡಿಕೆ ಪೊಳ್ಳಾಗಿರುತ್ತದೆ. ಅದನ್ನು ಉದ್ದಕ್ಕೆ ಸೀಳಿದಾಗ ಒಳಗಡೆ ಬಿಳಿ ಹರಳು ಅಂಟಿಕೊಂಡಿತ್ತು, ಹಾಲಿನ ಬಾಂಡೆಯ ತಳಕ್ಕೆ ಹತ್ತಿದ ಸೀಕಿನ ಹಾಗೆ. ಕುಲುಕಿದ ನೀರು ಆ ಮೂಲೆಗೆ ಹೋಗಿಯೇ ಇರಲಿಲ್ಲ. ತುಂಬಿಟ್ಟ ನೀರು ಮಾತ್ರ ದಿನಗಟ್ಟಲೆ ಅದನ್ನು ನಿಧಾನವಾಗಿ ಕರಗಿಸಿಕೊಂಡಿತ್ತು, ಮೊದಲು ಚುಕ್ಕೆಗಳಿಗೆ ಸಾಲುವಷ್ಟು, ಆಮೇಲೆ ತಟ್ಟೆ ತುಂಬುವಷ್ಟು. ನಮ್ಮ ಬ್ಯಾಕ್ಟೀರಿಯಕ್ಕೆ ಯೂರಿಯಾ ದಕ್ಕುವುದಿಲ್ಲ. ಆದರೆ ನಾನು ಆಟೋಕ್ಲೇವಿನಲ್ಲಿ ಇಟ್ಟು ಕಾಯಿಸುತ್ತಿದ್ದೆನಲ್ಲ, ಆ ಕಾವಿಗೆ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಅಮೋನಿಯ ಸಿಕ್ಕರೆ ಅವಕ್ಕೆ ಹಬ್ಬ. ಉಪವಾಸದ ತಟ್ಟೆಯಲ್ಲಿ ನಾನೇ ಊಟ ಬೇಯಿಸಿ ಇಟ್ಟಿದ್ದೆ.

ಕಾಕಾ ಹಿಡಿಕೆಯ ತುಂಡನ್ನು ತಿರುಗಿಸಿ ನೋಡುತ್ತಾ ನಿಂತಿದ್ದರು. "ಬಾಯಾರ, ನಾ ಒಗೀಬೇಕಂತ ಮಾಡಿದ್ದೆ. ನೀವ…"

"ಹೌದ್ರಿ ಕಾಕಾ. ನಾನ ಬ್ಯಾಡ ಅಂದೆ."

'ಎಷ್ಟ ಗಟ್ಟಿ ಅದಾವ, ಒಗೀಬ್ಯಾಡ್ರಿ, ನೀರ ತರಾಕ ಆಗ್ತಾವ' ಎಂದಿದ್ದೆ. ಚಲೋ ಡಬ್ಬಿ ಕಂಡರೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಅಡುಗೆಮನೆಯಲ್ಲಿ ಈಗಲೂ ಒಂದು ಕಪಾಟಿನ ತುಂಬ ಇವೆ. ನೀರನ್ನು ಆವಿ ಮಾಡಿ ಇಳಿಸುವ ನಮ್ಮದೇ ಗಾಜಿನ ಭಟ್ಟಿ ಲ್ಯಾಬಿನಲ್ಲಿತ್ತು; ಅದರ ಕೊಳವೆ ಸೀಳಿ, ಹೊಸ ಕೊಳವೆ ಬಂದು ತಿಂಗಳಾಗಿತ್ತು. ಕ್ಯಾನಿನ ಅನುಕೂಲಕ್ಕೆ ಮರುಳಾಗಿ ಅದನ್ನು ಯಾರೂ ಜೋಡಿಸಿರಲಿಲ್ಲ.

ಸಾಹೇಬರಿಗೆ ಹೇಳಲು ನಾನೇ ಹೋದೆ. ವಹಿಯನ್ನೂ ಹಿಡಿಕೆಯನ್ನೂ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಕಂಪನಿಯವರಿಗೆ ಒಂಬತ್ತ ಅಂತ ಹೇಳೇನಲ್ರಿ ಬಾಯಿ. ಒಂಬತ್ತರಾಗ ಒಂದರ ಖರೆ ಇರಬಹುದಲ್ಲ?"

"ಇರಬಹುದ್ರಿ. ಆದರ ಆ ತಟ್ಟಿ ಮ್ಯಾಲ ಕಲ್ಲ ಇಟ್ಟಿದ್ರೂ ಬೆಳೀತಿತ್ತು."

ನನ್ನ ನಾಲ್ಕು ತಟ್ಟೆ ಬೆಳೆಯುತ್ತಿದ್ದ ಎರಡು ದಿನಗಳಲ್ಲಿ ಹುಡುಗಿ ಆ ಒಂಬತ್ತನ್ನೂ ಒಂದೊಂದಾಗಿ ಅಮೈನಿನ ಜೊತೆ ಕಲಸಿ ಪರೀಕ್ಷಿಸಿದ್ದಳು. ಒಂದರಲ್ಲೂ ಏನೂ ಇರಲಿಲ್ಲ. ಅದನ್ನು ಕೇಳಿದ ಮೇಲೆ ಸಾಹೇಬರು ಫೋನು ತೆಗೆದುಕೊಂಡು ಹೊರಗೆ, ಬೇವಿನ ಗಿಡದ ಕೆಳಗೆ ಹೋದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು.

ಉಳಿದದ್ದು ಒಂದೇ ನಳಿಗೆ. ಮಣ್ಣು ಮತ್ತೆ ಸಿಕ್ಕರೆ ಮತ್ತೆ ಮಾಡಬಹುದು ಎಂಬ ಆಸೆಗೆ ಗುರುವಾರ ಕಾಕಾನ ಜೀಪಿನಲ್ಲಿ ಮೂವರೂ ಮಸಗುಪ್ಪಿಗೆ ಹೋದೆವು. ಅರಿಸಿನದ ಒಲೆ ಇದ್ದ ಕಡೆ ಸಿಮೆಂಟಿನ ಕಟ್ಟೆ ಇತ್ತು, ಅದರ ಮೇಲೆ ಹೊಸ ಉಗಿಯ ಡ್ರಮ್ಮು. ಹೊಲದ ಯಜಮಾನತಿ ಸೆರಗು ಸಿಕ್ಕಿಸಿಕೊಂಡು ಬಂದರು.

"ಗುಂಡಿ ಏನ್ರಿ? ಯುಗಾದಿಗೆ ಮುಚ್ಚಿಸಿದ್ವಿ. ಖಡಿ ಹಾಕಿ, ಮ್ಯಾಲ ಸಿಮೆಂಟ. ನಮ್ಮ ಎಮ್ಮಿ ಎರಡ ಸಲಾ ಕಾಲ ಮುರಕೊಂಡಿತ್ತು ಅದರಾಗ."

"ಯಾವದರ ಒಂದ ಮೂಲಿ ಉಳದೈತೇನ್ರಿ ಅವ್ವಾರ? ಹಳದಿ ಮಣ್ಣು?" ಹುಡುಗಿ ಮೊಣಕಾಲೂರಿ ಕಟ್ಟೆಯ ಅಂಚನ್ನು ಬೆರಳಿನಿಂದ ಕೆದರುತ್ತಿದ್ದಳು.

"ಅಯ್ಯ ನಮ್ಮವ್ವಾ, ಊರಾಗಿನ ಮಂದಿ ಅರಿಸಿನ ಕೇಳಾಕ ಬರ್ತಾರ, ನೀ ಅರಿಸಿನ ತೊಳದ ರಾಡಿ ಕೇಳಾಕ ಬಂದೀಯಲ್ಲ! ಹೋದ ವರ್ಷ ಒಂದ ಚೀಲ ಒಯ್ಯಬೇಕಿಲ್ಲ?"

ಹುಡುಗಿಗೂ ನಗು ಬಂತು. ಒಂದು ಚಮಚ ಸಾಕೆಂದು ಅವಳು ಒಯ್ದದ್ದು ಒಂದು ಚಮಚವೇ. ಯಜಮಾನತಿ ಬರಿಗೈಲಿ ಕಳಿಸಲಿಲ್ಲ. ಅರಿಸಿನದ ಬೇರು ಅರ್ಧ ಸೇರು, ಮಜ್ಜಿಗೆ ತಲಾ ಎರಡು ಲೋಟ. ತಿರುಗಿ ಜೀಪು ಹತ್ತಿದೆವು. ಘಟಪ್ರಭೆಯ ಸೇತುವೆ ದಾಟುವಾಗ ಹುಡುಗಿ ಹೇಳಿದಳು, "ನಾಳೆ ಆ ನಳಿಗಿ ಹರಡಿಬಿಡೂಣ್ರಿ ಅಕ್ಕಾರ. ಆದದ್ದ ಆಗ್ಲಿ."



ಶುಕ್ರವಾರ ಕಾಕಾ ಭಟ್ಟಿಯ ಕೊಳವೆ ಜೋಡಿಸಿದರು. ತಾಸಿಗೆ ಒಂದು ಲೀಟರು ನೀರು, ತೊಟ್ಟು ತೊಟ್ಟಾಗಿ. ಹುಡುಗಿ ನಳಿಗೆ ತೆಗೆಯಲು ಫ್ರೀಜರಿನ ಬಾಗಿಲಿಗೆ ಕೈ ಹಾಕಿದಾಗ ನಾನು ಅಡ್ಡ ನಿಂತೆ. ನನಗಿಂತ ಹೆಚ್ಚು ಓದಿದವಳು; ನಿರ್ಧಾರ ಅವಳದೇ. ಆದರೂ ನಿಂತೆ.

"ಇವತ್ತ ಬ್ಯಾಡ. ಮೊದಲ ಈ ನೀರಿನ್ಯಾಗ ಬರಿದು ತಟ್ಟಿ ಇಡೂಣು. ಬಾಜೂಕ, ಕಿಣ್ವ ಐತಿ ಅಂತ ಗೊತ್ತಿದ್ದ ಬ್ಯಾಕ್ಟೀರಿಯ ಐತೆಲ್ಲ, ಬ್ಯಾರೆ ಲ್ಯಾಬಿನವರು ಕೊಟ್ಟದ್ದು, ಅದನ್ನ ಹರಡೂಣು. ಬರಿದು ಬರಿದ ಇರಬೇಕು, ಅದು ಬೆಳೀಬೇಕು. ಎರಡೂ ಕಣ್ಣೀಲೆ ನೋಡಿದ ಮ್ಯಾಲ ನಳಿಗಿ."

"ಎಷ್ಟ ದಿನಾ?"

"ಅದು ಬೆಳಿಯೂ ಮಟಾ."

"ಸೆಮಿನಾರಿಗೆ ಹದಿನೇಳ ದಿನಾ ಐತ್ರಿ! ನಿಮಗೇನ, ನೀವು ವಹಿ ಬರಕೊಂಡ ಮನಿಗೆ ಹೋಗ್ತೀರಿ."

ಅವಳು ಸಿಟ್ಟಿನಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಬಾಗಿಲ ಮುಂದೆಯೇ ನಿಂತೆ. ಅವಳು ಕೈಗವಸು ತೆಗೆದು ಬುಟ್ಟಿಗೆ ಹಾಕಿ, "ಸುರೀರಿ ಹಂಗಾರ," ಎಂದಳು.

ಭಾನುವಾರ, ಎರಡು ದಿನ ತುಂಬಿತು. ಎರಡೂ ತಟ್ಟೆ ಬರಿದು. ಸೋಮವಾರ ಬರಿದು. ಹುಡುಗಿ ಬಂದು ನೋಡಿ, ಹೋಗಿ ಕೂಡುತ್ತಿದ್ದಳು. ಮಂಗಳವಾರವೂ ಬರಿದು. ನನ್ನ ಅಳತೆಯಲ್ಲಿ ಏನಾದರೂ ತಪ್ಪಿತೇ ಎಂದು ತಕ್ಕಡಿಯನ್ನು ಎರಡು ಸಲ ಪರೀಕ್ಷಿಸಿದೆ. ಬುಧವಾರ ಬೆಳಿಗ್ಗೆ, ಐದನೆಯ ದಿನ, ಗೊತ್ತಿದ್ದ ಬ್ಯಾಕ್ಟೀರಿಯದ ತಟ್ಟೆಯನ್ನು ಓರೆಯಾಗಿ ಹಿಡಿದಾಗ ಅದರ ಮೇಲೆ ಮಂಜಿನ ಹನಿಯಂಥ ಸಣ್ಣ ಚುಕ್ಕೆಗಳು. ಸಾಸಿವೆಗಿಂತ ಸಣ್ಣವು. ಬರಿದು ತಟ್ಟೆ ಬರಿದಾಗಿಯೇ ಇತ್ತು.

ಹುಡುಗಿಯನ್ನು ಕೂಗಿದೆ. ಅವಳು ನೋಡಿ ಹಾಗೇ ಕುರ್ಚಿಯ ಮೇಲೆ ಕೂತಳು.

"ಅಕ್ಕಾರ, ನಾವು ಎರಡ ದಿನಕ್ಕ ತಟ್ಟಿ ಒಗೀತಿದ್ದೆವು."

ಒಗೆಯುತ್ತಿದ್ದವಳು ನಾನೇ. ಎರಡು ದಿನಕ್ಕೆ ಹಳೆಯ ತಟ್ಟೆ ಬೇಯಿಸಿ ಎಸೆಯುವುದು ನನ್ನ ಪದ್ಧತಿ. ಯೂರಿಯಾ ಇದ್ದಾಗ ಎರಡು ದಿನದಲ್ಲಿ ಎಲ್ಲ ಬೆಳೆಯುತ್ತಿತ್ತು. ನಿಜವಾದ ಕಿಣ್ವ ಸಾರಜನಕವನ್ನು ಕಷ್ಟಪಟ್ಟು, ತುಣುಕು ತುಣುಕಾಗಿ ಕೀಳುತ್ತದೆ. ಅದಕ್ಕೆ ಐದು ದಿನ ಬೇಕು. ಶುಕ್ರವಾರವೇ ನಳಿಗೆ ಹರಡಿದ್ದರೆ, ಭಾನುವಾರ ಬರಿದು ಕಂಡು, ಸೋಮವಾರ ನಾನು ಅದನ್ನೂ ಬೇಯಿಸಿ ಎಸೆದಿರುತ್ತಿದ್ದೆ.

ಗುರುವಾರ ಕೊನೆಯ ನಳಿಗೆ ತೆಗೆದೆವು. ಮಂಜುಗಡ್ಡೆಯ ಮೇಲೆ ನಿಧಾನ ಕರಗಿಸಿ, ನಲವತ್ತು ತಟ್ಟೆಗಳ ಮೇಲೆ ಅವಳು ಹರಡಿದಳು, ನಾನು ಒಂದೊಂದರ ತಳಕ್ಕೆ ಸಂಖ್ಯೆ ಬರೆದೆ. ಈ ಸಲ ಬರಿದು ತಟ್ಟೆಗಳೂ ಅದೇ ಪಾತ್ರೆಯವು, ಅದೇ ತಾಸಿನವು. ತಟ್ಟೆ ಒಣಗಬಾರದೆಂದು ಇನ್‌ಕ್ಯುಬೇಟರಿನಲ್ಲಿ ಒಂದು ಬಟ್ಟಲು ನೀರಿಟ್ಟೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: ಇದರೊಳಗಿನ ಏನನ್ನೂ ಎಸೆಯಬಾರದು. ಓದಬೇಕಾದವಳು ನಾನೇ.

ಆರನೆಯ ದಿನ, ಬುಧವಾರ, ಹದಿನಾಲ್ಕನೆಯ ತಟ್ಟೆಯಲ್ಲಿ ಒಂದು ಚುಕ್ಕೆ, ಮೂವತ್ತೊಂದನೆಯದರಲ್ಲಿ ಒಂದು. ನಲವತ್ತರಲ್ಲಿ ಎರಡೇ. ಯಾರೂ ಪೇಢೆ ತರಲಿಲ್ಲ. ಗುರುವಾರ ಶುಕ್ರವಾರ ಅವುಗಳನ್ನು ಹೊಟ್ಟೆ ತುಂಬ ಊಟವಿರುವ ಹೊಸ ತಟ್ಟೆಗೆ ಎಳೆದು ಶುದ್ಧ ಮಾಡಿದಳು. ಶನಿವಾರ ಗಾಜಿನ ಕೊಳವೆಯೊಳಗಿನ ಪೋಷಕ ದ್ರವದಲ್ಲಿ ಬೆಳೆಸಿದಳು. ಹುಕ್ಕೇರಿಗೆ ಹೋಗಿಬರುವುದರಲ್ಲಿ ಹೊತ್ತು ಹೋಗುತ್ತದೆಂದು ಅಂದು ನಮ್ಮ ಮನೆಯಲ್ಲೇ ಉಳಿದಳು. ಅತ್ತೆಯವರು ಅವಳಿಗೆ ತಮ್ಮ ಗಾದಿ ಬಿಟ್ಟುಕೊಟ್ಟರು. ಆದರೂ ಅವಳು ಹೊರಳಾಡುತ್ತಲೇ ಇದ್ದಳೆಂದು ಬೆಳಿಗ್ಗೆ ಹೇಳಿದರು.

ಭಾನುವಾರ ಎಂಟಕ್ಕೆ ಲ್ಯಾಬು ತೆರೆದೆವು. ಬ್ಯಾಕ್ಟೀರಿಯವನ್ನು ಒಡೆದು ತೆಗೆದ ರಸಕ್ಕೆ ಬಲಗಾಲಿನ ಅಮೈನ್ ಹಾಕಿ, ಬೆಳಕಿನ ಯಂತ್ರದಲ್ಲಿಡಬೇಕು. ಕಿಣ್ವ ಕೆಲಸ ಮಾಡಿದರೆ ಅಮೈನ್ ಬೇರೆ ವಸ್ತುವಾಗಿ, ಅದು ಕಣ್ಣಿಗೆ ಕಾಣದ ಬೆಳಕನ್ನು ಹೀರಿಕೊಳ್ಳುತ್ತದೆ. ಪರದೆಯ ಗೆರೆ ಮೇಲೇರುತ್ತದೆ. ಹದಿನಾಲ್ಕನೆಯ ತಟ್ಟೆಯದನ್ನು ಮೊದಲು ಇಟ್ಟಳು. ಗೆರೆ ಚಾಪೆಯಂತೆ ಮಲಗಿತು. ಅರ್ಧ ತಾಸು ಕಾದೆವು. ಮಲಗಿಯೇ ಇತ್ತು.

ಅಷ್ಟರಲ್ಲಿ ಸಾಹೇಬರು ಕಾಯಿಪಲ್ಯದ ಚೀಲ ಹಿಡಿದುಕೊಂಡೇ ಬಂದರು. ಹಿಂದೆ ನಿಂತರು. ಚೀಲದಿಂದ ಕೊತ್ತಂಬರಿಯ ವಾಸನೆ ಬರುತ್ತಿತ್ತು.

ಮೂವತ್ತೊಂದನೆಯದನ್ನು ಇಟ್ಟಳು. ಮೊದಲ ಐದು ನಿಮಿಷ ಏನೂ ಇಲ್ಲ. ಆಮೇಲೆ ಗೆರೆಯ ತುದಿ ಎದ್ದಿತು. ನಾನು ಕನ್ನಡಕ ಸರಿಮಾಡಿಕೊಂಡೆ. ಹತ್ತು ನಿಮಿಷಕ್ಕೆ ಯಾರಿಗೂ ಅನುಮಾನ ಉಳಿಯದಷ್ಟು ಏರಿತು. ನಿಧಾನ, ಆದರೆ ನಿಲ್ಲದೆ.

"ಎಡಗಾಲಿನದ ಹಾಕಿ ನೋಡವಾ," ಎಂದೆ.

ಎಡದ ಅಮೈನ್ ಹಾಕಿದಳು. ಗೆರೆ ಮಲಗಿತು. ಕಿಣ್ವವನ್ನು ಕುದಿಸಿ ಹಾಕಿದಳು, ಮಲಗಿತು. ಮತ್ತೆ ಬಲದ್ದು ಹಾಕಿದಳು, ಏರಿತು. ಮೂರು ಸಲ ಹಾಗೇ ಮಾಡಿದಳು. ನಾನು ಮೂರು ಸಲವೂ ಹೊತ್ತು ಬರೆದುಕೊಂಡೆ. ಇದು ಸಣ್ಣ ಕಿಣ್ವ, ಕಾರ್ಖಾನೆಗೆ ಸಾಲುವ ವೇಗ ಇನ್ನೂ ಇಲ್ಲ. ಅದಕ್ಕೆ ಮುಂದೆ ಬಹಳ ದುಡಿಯಬೇಕು. ಆದರೆ ನಾಳೆ ಎದ್ದುನಿಂತು ಹೇಳಬಹುದಾದ ಒಂದು ಸಂಗತಿ ಅವಳ ಬಳಿ ಇತ್ತು. ಯಾರು ಏನು ಕೇಳಿದರೂ ಅಲುಗದಂಥದು.

ಹುಡುಗಿ ಸಾಹೇಬರ ಕಡೆ ತಿರುಗಿ, "ಕಂಪನಿಗೆ ಫೋನ ಮಾಡ್ತೀರೇನ್ರಿ ಸರ್?" ಎಂದಳು.

"ಇಲ್ಲವಾ. ಈ ಸಲ ಮೊದಲ ಬಾಯಾರ ವಹಿ ನೋಡ್ತೇನಿ," ಎಂದು ಅವರು ಕೊತ್ತಂಬರಿಯ ಒಂದು ಕಟ್ಟು ನನ್ನ ಮೇಜಿನ ಮೇಲಿಟ್ಟು ಹೋದರು.

ಮನೆಗೆ ಬಂದಾಗ ಒಂದೂವರೆ. ಅತ್ತೆಯವರು ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗೋದಿಹುಗ್ಗಿ ಮಾಡಿ, ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಕಾಯುತ್ತಿದ್ದರು. ನಾನು ಸಾಹೇಬರ ಕೊತ್ತಂಬರಿ ಸಣ್ಣಗೆ ಹೆಚ್ಚಿ ಮೊಸರಿಗೆ ಹಾಕಿದೆ. ಹುಡುಗಿ ಮೂರು ರೊಟ್ಟಿ ತಿಂದಳು, ಹುಗ್ಗಿ ಎರಡು ಸಲ ಹಾಕಿಸಿಕೊಂಡಳು. ಆಮೇಲೆ ತಾರೀಖುಗಳನ್ನು ಬರೆದುಕೊಳ್ಳಬೇಕೆಂದು ನನ್ನ ವಹಿ ಇಸಿದುಕೊಂಡು ಗೋಡೆಗೆ ಒರಗಿ ಕೂತಳು.

"ನಾಳೆ ಏನ ಮಾತಾಡ್ತೀಯವಾ ಅಲ್ಲಿ? ನನಗೂ ಒಂದೀಟ ಹೇಳ," ಎಂದರು ಅತ್ತೆ.

ಅವಳಿಗೆ ಆಗಲೇ ನಿದ್ದೆ ಹತ್ತಿತ್ತು. ವಹಿ ಅವಳ ಮಡಿಲಲ್ಲಿ ತೆರೆದೇ ಇತ್ತು, ಆ ಗುರುವಾರ ಶುಕ್ರವಾರದ ಪುಟ. ಪೆನ್ನು ಬೆರಳಿನ ಸಂದಿಯಲ್ಲಿತ್ತು. ದಿನಾ ಊಟವಾದ ಕೂಡಲೇ ಮಲಗುವ ಅತ್ತೆಯವರು ಅಂದು ಎದ್ದು ಹೋಗಿ ಕಿಟಕಿಯ ಬಾಗಿಲು ಮುಂದೆ ಮಾಡಿ ಬಂದರು. ನಾನು ಪೆನ್ನು ಮೆಲ್ಲಗೆ ತೆಗೆದುಕೊಂಡೆ. ವಹಿಯನ್ನು ಹಾಗೇ ಬಿಟ್ಟೆ. ಎರಡನೆಯವರಾಗಿ ಅತ್ತೆ ಮಲಗಿದರು. ಆ ದಿನದ್ದನ್ನು ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ, ಮೊದಲು ಮಲಗಿದವಳು ಹುಡುಗಿ ಎಂಬುದನ್ನೂ ಸೇರಿಸಿ.